ರಂಗೋಲಿ ಪುಡಿಯ ಮೇಲೆ ಜಾರಿದ ರ‍್ಯಾಂಪ್

ಗಾಲಿಕುರ್ಚಿ ಹತ್ತಿಸಲು ನಾನು ಮಾಡಿದ ಇಳಿಜಾರು ರ‍್ಯಾಂಪ್ ನಾಲ್ಕನೆಯ ಸಲವೂ ಜಾರಿತು. ಅದೂ ಮಾಸ್ತರರು ಗಾಲಿಕುರ್ಚಿಯಲ್ಲಿ ಅರ್ಧ ಹತ್ತಿದ್ದಾಗ. ಹಿಂದೆ ನಾನು ಹಿಡಿದಿದ್ದೆ, ಬಚಾವು. “ತಮ್ಮಾ, ನನ್ನನ್ನು ಊಟಕ್ಕೆ ಕರೆತಂದೆಯೋ, ಜಾರುಬಂಡಿ ಆಡಿಸಲಿಕ್ಕೋ?” ಎಂದು ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕೆಲಸ ಇಷ್ಟೇ: ಕಲಬುರಗಿಯ ನಮ್ಮ ಓಣಿಯ ರೊಟ್ಟಿ ಖಾನಾವಳಿಗೆ, ಹಾಕಿ ತೆಗೆಯುವ ರ‍್ಯಾಂಪ್. ಮೆಟ್ಟಿಲು ಒಂದೇ, 5 ಇಂಚು. ಒಂದು ಇಂಚು ಏರಿಗೆ 12 ಇಂಚು ಉದ್ದ, ಅಂದರೆ 1:12ರ ಲೆಕ್ಕಕ್ಕೆ 5 ಅಡಿ. ಸಿಮೆಂಟಿನಲ್ಲೇ ಕಟ್ಟಬಹುದಲ್ಲ ಎನ್ನುವವರಿಗೆ ಉತ್ತರ: ಜನ ಬಂದುಹೋಗುವ ಖಾಸಗಿ ಕಟ್ಟಡಗಳನ್ನೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಿಟ್ಟಿಲ್ಲ ನಿಜ, ಆದರೆ ಈ ಕಟ್ಟಡದ ಮಾಲೀಕರು ಫೋನೇ ಎತ್ತುವುದಿಲ್ಲ. ಹೀಗಾಗಿ ಮೇಲೆ ಉಬ್ಬು ಗೆರೆಗಳಿರುವ ಅಲ್ಯೂಮಿನಿಯಂ ಹಾಳೆ (ಚೆಕರ್ಡ್ ಪ್ಲೇಟ್), ಎರಡು ಪಟ್ಟಿ. ಕಬ್ಬಿಣವಾದರೆ 5 ಮಿ.ಮೀ. ಹಾಳೆಯೇ 50 ಕೆ.ಜಿ. ದಾಟುತ್ತದೆ, ದಿನಾ ಎತ್ತಿಡುವವರು ಯಾರು? 3 ಮಿ.ಮೀ. ಎಂದು ಆಣೆ ಮಾಡಿ ಕೊಟ್ಟ ಅಂಗಡಿಯವನ ಮಾಲು ಕ್ಯಾಲಿಪರ್‌ನಲ್ಲಿ 2.3 ತೋರಿಸಿತು. ಅಡಿಗೆ ಇನ್ನೊಂದು ಆ್ಯಂಗಲ್ ಕೂರಿಸಬೇಕಾಯಿತು. ಆ ಖರ್ಚನ್ನು ಮನಸ್ಸಿನಲ್ಲೇ ಅವನ ಹೆಸರಿಗೆ ಬರೆದಿಟ್ಟಿದ್ದೇನೆ.

ಜಾರುವ ವಿಷಯಕ್ಕೆ ಬರೋಣ. ಮೇಲಂಚಿನ ಕೆಳಗೆ ಹಳೆ ಟ್ಯೂಬಿನ ರಬ್ಬರ್ ಅಂಟಿಸಿದ್ದೆ. ಮಧ್ಯಾಹ್ನ ಮೂರಕ್ಕೆ ನಾನೇ ಹತ್ತಿ ಕುಣಿದರೂ ಅಲುಗುತ್ತಿರಲಿಲ್ಲ. ಬೆಳಿಗ್ಗೆ ಮಾತ್ರ ಜಾರುತ್ತಿತ್ತು. ಹೊಸ್ತಿಲಿಗೆ ಹಾಕಿರುವುದು ನುಣುಪಾದ ಶಹಾಬಾದ್ ಕಲ್ಲು. ತೊಳೆದ ನೀರಿನ ಕಿತಾಪತಿ ಎಂದು ಒರೆಸಿ ನೋಡಿದೆ, ರಬ್ಬರ್ ಬದಲಿಸಿದೆ, ಅಂಟನ್ನು ಬೈದೆ. ಕೊನೆಗೆ ಒಂದು ದಿನ ಆರೂವರೆಗೇ ಹೋಗಿ ಎದುರು ಕಟ್ಟೆಯ ಮೇಲೆ ಕುಳಿತೆ. ಖಾನಾವಳಿಯ ಅಕ್ಕ ಕಲ್ಲು ತೊಳೆದರು, ಆರಲು ಬಿಟ್ಟರು, ಚೆಂದವಾಗಿ ರಂಗೋಲಿ ಹಾಕಿದರು. ಅದರ ಮೇಲೆ ನನ್ನ ರ‍್ಯಾಂಪ್! ಒಣ ಪುಡಿ ರಬ್ಬರಿನಡಿ ಬೇರಿಂಗ್ ಗುಂಡುಗಳ ಕೆಲಸ ಮಾಡುತ್ತಿತ್ತು.

ರಂಗೋಲಿ ಬಿಡಿ ಎನ್ನುವ ಧೈರ್ಯ ನನಗಿಲ್ಲ. “ಅಕ್ಕಾ, ಕಲ್ಲಿಗೆ ಎರಡು ತೂತು ಹಾಕಲೇ?” ಎಂದೆ. “ಹಾಕಪ್ಪ. ಒಡೆದರೆ ಹೊಸ ಕಲ್ಲು ನಿನ್ನದು.” ಮೊದಲು ಒಡಕು ಚೂರಿನ ಮೇಲೆ ಹ್ಯಾಮರ್ ಡ್ರಿಲ್ ಇಟ್ಟೆ. ಪದರು ಪದರಾಗಿ ಎದ್ದುಬಂತು. ಆಮೇಲೆ ಹ್ಯಾಮರ್ ಬಂದ್, ಡೈಮಂಡ್ ಬಿಟ್, ನೀರು ಹನಿಸುತ್ತಾ ನಿಧಾನ.

ಆ ಮುಕ್ಕಾಲು ಗಂಟೆ ತಲೆ ಸುಮ್ಮನಿರಬೇಕಲ್ಲ, ಮುಂದಿನ ಕೆಲಸಕ್ಕೆ ಓಡಿತು: ಬ್ರೈಲ್ ಊಟದ ಪಟ್ಟಿ. ಭಾರತದ ಭಾಷೆಗಳಿಗೆಂದೇ ಇರುವ ಭಾರತಿ ಬ್ರೈಲ್‌ನಲ್ಲಿ ಒತ್ತಕ್ಷರ ಕೆಳಗಿಳಿಯುವುದಿಲ್ಲ. ಸ್ವರವಿಲ್ಲವೆಂದು ತೋರಿಸುವ ಹಲಂತದ ಚುಕ್ಕಿ ವ್ಯಂಜನಕ್ಕಿಂತ ಮೊದಲೇ ಬಂದು ಕೂರುತ್ತದೆ. ‘ರೊಟ್ಟಿ’ಗೆ ಆರು ಕೋಶ, ಅಂದರೆ ಆರು ಚುಕ್ಕಿಗುಂಪು. ಕೈಯಿಂದ ಬ್ರೈಲ್ ಚುಚ್ಚುವ ಸ್ಲೇಟಿನಲ್ಲಿ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ಚುಚ್ಚಬೇಕು. ಪುಂಡಿಪಲ್ಯದ ಲೆಕ್ಕ ಇನ್ನೂ ಹಾಕಿಲ್ಲ.

ತೂತು 12 ಮಿ.ಮೀ., ರ‍್ಯಾಂಪಿನಡಿಯ ಗೂಟ 10. ಈಗ ಅಕ್ಕ ಎರಡು ತೂತುಗಳ ಸುತ್ತಲೂ ಹೂವು ಬಿಡಿಸುತ್ತಾರೆ. ಗೂಟ ಎಲ್ಲಿ ಇಳಿಸಬೇಕೆಂದು ಹುಡುಕುವ ಕೆಲಸವೂ ತಪ್ಪಿತು.

ಐದನೆಯ ಸಲ ಜಾರಲಿಲ್ಲ. ಮಾಸ್ತರರು ಯಾರ ಕೈಯನ್ನೂ ಕೇಳದೆ ಹತ್ತಿದರು, ನೇರ ಮೇಜಿನ ಬಳಿ ಹೋದರು. ಮೊಣಕಾಲು ಮೇಜಿನ ಕೆಳಗೆ ಹೋಗಲಿಲ್ಲ. ಅಳೆದೆ: ಬೇಕಾದದ್ದು 70 ಸೆಂ.ಮೀ., ಇರುವುದು 64. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಂಡರು. ಬ್ರೈಲ್ ಪಟ್ಟಿ ಕಾಯಲಿ. ನಾಳೆ ಮೇಜಿನ ಕಾಲಿಗೆ ಹೊಂದುವ ಪೈಪು ಹುಡುಕಬೇಕು, ಆ ಅಂಗಡಿ ಒಂದನ್ನು ಬಿಟ್ಟು.