ನೋವಿಲ್ಲ ಅಂದರೆ ಆಯಿತೇ?

ಮಂಗಳವಾರದಿಂದ ಎರಡೇ ಎರಡು ಮಾತು ತಲೆಯಲ್ಲಿ ಸುತ್ತುತ್ತಿವೆ.

"ನೋವೇ ಇಲ್ವಲ್ಲಮ್ಮ, ಮತ್ತೇನು ತೊಂದರೆ?" ಅಂದದ್ದು ಚಿಕ್ಕಪ್ಪ.

"ನೋಯೋಕೆ ಅಲ್ಲಿ ಹಲ್ಲೆಲ್ಲಿದೆ ಸರ್?" ಅಂದದ್ದು ಹಲ್ಲಿನ ಡಾಕ್ಟರು.

ಚಿಕ್ಕಪ್ಪ ದಾವಣಗೆರೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿದವರು. ಅವರಿಗೆ ಹೀಗೆ ಎದುರುತ್ತರ ಕೊಟ್ಟವರನ್ನು ನಾನು ಕಂಡದ್ದು ಕಡಿಮೆ. ಆ ಹುಡುಗಿ ಡಾಕ್ಟರು ಅಷ್ಟರಲ್ಲಿ ಬಾಯಿಗೆ ಕನ್ನಡಿ ಇಟ್ಟಾಗಿತ್ತು, ತಿರುಗಿ ಹೇಳಲು ಅವಕಾಶವೇ ಸಿಗಲಿಲ್ಲ. ನನಗಂತೂ ಆಕೆ ಹಿಡಿಸಿಬಿಟ್ಟರು.

ವಿಷಯ ಗೊತ್ತಾದದ್ದೇ ಆಕಸ್ಮಿಕ. ನಮ್ಮನೆಗೆ ಬಂದಿದ್ದಾಗ ಚಿಕ್ಕಪ್ಪ ನಿಪ್ಪಟ್ಟನ್ನು ಮುರಿದು ಮಜ್ಜಿಗೆಯಲ್ಲಿ ನೆನೆಹಾಕಿ, ಅದನ್ನೂ ಎಡಗಡೆಯೇ ಅಗಿಯುತ್ತಿದ್ದರು. ಬಲಗಡೆ ಕೆಳಗಿನ ದವಡೆಯಲ್ಲಿ ಇಂಪ್ಲಾಂಟ್ ಇದೆ, ಅಂದರೆ ಹೋದ ಹಲ್ಲಿನ ಜಾಗದಲ್ಲಿ ಮೂಳೆಗೆ ಲೋಹದ ಸ್ಕ್ರೂ ಕೂರಿಸಿ ಅದರ ಮೇಲೆ ಕ್ಯಾಪ್ ಹಾಕಿದ ಕೃತಕ ಹಲ್ಲು; ಮಗ ಡಲ್ಲಾಸಿನಿಂದ ದುಡ್ಡು ಕಳಿಸಿ ಹಾಕಿಸಿದ್ದು. ಕೇಳಿದರೆ "ಅಭ್ಯಾಸ" ಅಂದರು. ಚಿಕ್ಕಮ್ಮ ಅಡುಗೆಮನೆಯಿಂದಲೇ ಬಾಯಿಬಿಟ್ಟರು: ಬೆಳಗ್ಗೆ ಉಗುಳಿದ ನೊರೆ ಕೆಂಪಗಿರುತ್ತದೆ, ಬಾಯಿ ವಾಸನೆ, ಆ ಹಲ್ಲಿನ ಬುಡ ಊದಿಕೊಂಡಿದೆ. ಬ್ರಷ್ ತಾಗಿದರೆ ರಕ್ತ ಬರುತ್ತದೆಂದು ಆ ಜಾಗವೊಂದನ್ನು ಬಿಟ್ಟು ಮಿಕ್ಕಿದ್ದನ್ನು ಉಜ್ಜುತ್ತಿದ್ದರಂತೆ ಮೇಷ್ಟ್ರು. ಕೊಳೆ ಕೂತದ್ದಕ್ಕೇ ರಕ್ತ ಬರುವುದು, ಇವರು ಅದನ್ನು ಕೂರಲು ಬಿಟ್ಟು ಉಪ್ಪುನೀರು ಮುಕ್ಕಳಿಸುತ್ತಿದ್ದರು.

ಡಾಕ್ಟರು ತೆಳ್ಳನೆ ಕಡ್ಡಿಯೊಂದನ್ನು ವಸಡಿನ ಸಂದಿಗೆ ಮೆಲ್ಲಗೆ ಇಳಿಸಿದರು. ರಕ್ತ ಬಂತು, ಹಿಂದೆಯೇ ಕೀವೂ ಬಂತು. ಹಳೆಯ ಎಕ್ಸ್‌ರೇ ಫೈಲಿನಲ್ಲಿತ್ತು, ಪುಣ್ಯ. ಹೊಸದನ್ನು ತೆಗೆದು ಪಕ್ಕದಲ್ಲಿಟ್ಟರು. ಸ್ಕ್ರೂ ಹಾಗೇ ನಿಂತಿದೆ, ಸುತ್ತಲಿನ ಮೂಳೆ ಕೆಳಗಿಳಿದಿದೆ; ಬೇಲಿಗೂಟದ ಬುಡದ ಮಣ್ಣು ಮಳೆಗೆ ಕೊಚ್ಚಿಹೋದ ಹಾಗೆ. ವಸಡಿನ ಊತ ಮಾತ್ರ ಇದ್ದಾಗ ಬಂದಿದ್ದರೆ ಸ್ವಚ್ಛ ಮಾಡಿಯೇ ಸರಿಪಡಿಸಬಹುದಿತ್ತಂತೆ. ಹೋದ ಮೂಳೆ ಮಾತ್ರ ಮೊದಲಿನ ಹಾಗೆ ಪೂರ್ತಿ ಬರುವ ಭರವಸೆ ಇಲ್ಲ.

"ಅಲ್ಲಾಡ್ತಾ ಇಲ್ವಲ್ಲ?" ಅಂತ ಚಿಕ್ಕಪ್ಪನ ಮುಂದಿನ ವಾದ. ಬರೀ ಮೇಲಿನ ಕ್ಯಾಪ್ ಅಲ್ಲಾಡಿದರೆ ಅದನ್ನು ಹಿಡಿದಿರುವ ಇನ್ನೊಂದು ಸಣ್ಣ ಸ್ಕ್ರೂ ಸಡಿಲವಾಗಿರಬಹುದು, ಬಿಗಿ ಮಾಡಿದರಾಯಿತು. ಮೂಳೆಯೊಳಗಿನ ಇಂಪ್ಲಾಂಟೇ ಅಲ್ಲಾಡಿದರೆ ಮೂಳೆ ಕೈಬಿಟ್ಟಿದೆ ಎಂದೇ ಅರ್ಥ, ತೆಗೆಯದೆ ಗತಿಯಿಲ್ಲ. ಅಲ್ಲಾಡಲಿ ಎಂದು ಕಾಯುವವರಿಗೆ ಉಳಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಇನ್ನು ಆ ನೋವಿನ ಮಾತು. ನಮ್ಮ ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸಣ್ಣ ಎಳೆಗಳ ಪದರವಿದೆ, ಅದರಲ್ಲಿ ನರಗಳಿವೆ. ಅನ್ನದಲ್ಲಿ ಕಲ್ಲು ಸಿಕ್ಕರೆ ದವಡೆ ಥಟ್ಟನೆ ನಿಲ್ಲುವುದು ಅದರಿಂದ. ಇಂಪ್ಲಾಂಟ್ ಆದರೋ ಟೈಟಾನಿಯಂ, ನೇರ ಮೂಳೆಗೇ ಅಂಟಿರುತ್ತದೆ. ವಸಡಿನ ನಾರುಗಳು ಹಲ್ಲನ್ನು ಹೊಕ್ಕು ಹಿಡಿದ ಹಾಗೆ ಲೋಹವನ್ನು ಹಿಡಿಯುವುದಿಲ್ಲ, ಪಕ್ಕಕ್ಕೆ ಒರಗಿರುತ್ತವೆ, ಅಷ್ಟೆ. ಹೀಗಾಗಿ ಸೋಂಕು ಸುಲಭವಾಗಿ ಒಳಗಿಳಿಯುತ್ತದೆ, ಇಳಿದದ್ದು ಬಹಳ ಸಲ ತಿಳಿಯುವುದೂ ಇಲ್ಲ.

ಚಿಕ್ಕಪ್ಪನ ಬಳಿ ಇನ್ನೊಂದು ಅಸ್ತ್ರವಿತ್ತು: "ಇದು ಲೈಫ್‌ಟೈಮ್ ಅಂದಿದ್ರು." ಸುಳ್ಳೇನಲ್ಲ. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ತಮ್ಮ ಮೊದಲ ರೋಗಿಗೆ ಹಾಕಿದ ಇಂಪ್ಲಾಂಟುಗಳು ಆ ರೋಗಿ 2006ರಲ್ಲಿ ತೀರಿಕೊಳ್ಳುವ ತನಕವೂ ಬಾಯಲ್ಲಿದ್ದವು. ಆದರೆ ಚಿಕ್ಕಪ್ಪನಿಗೆ ಶುಗರ್ ಇದೆ, ಮೊದಲಿನ ಹಲ್ಲುಗಳು ಹೋದದ್ದೇ ವಸಡಿನ ಕಾಯಿಲೆಯಿಂದ. ಇಂಥವರು ದುಪ್ಪಟ್ಟು ಎಚ್ಚರ ಇರಬೇಕು. ಮೂರು ತಿಂಗಳ ಸರಾಸರಿ ಶುಗರ್ ಎಷ್ಟು ಅಂತ ಡಾಕ್ಟರು ಕೇಳಿದರೆ ಚಿಕ್ಕಪ್ಪ ಚಿಕ್ಕಮ್ಮನ ಮುಖ ನೋಡಿದರು. ಚಿಕ್ಕಮ್ಮ ಫ್ಯಾನು ನೋಡಿದರು.

ನನಗೆ ಅನ್ನಿಸಿದ್ದು ಅಲ್ಲೇ. ನಮ್ಮ ಮನೆಗಳಲ್ಲಿ ನರಳಿದವರನ್ನಷ್ಟೇ ಡಾಕ್ಟರ ಹತ್ತಿರ ಕರೆದೊಯ್ಯುವ ಪದ್ಧತಿ. ಶುಗರ್ ನೋಯುವುದಿಲ್ಲ, ಬಿಪಿ ನೋಯುವುದಿಲ್ಲ. ಹಾಗಾಗಿ ಅವು ಕಾಯಿಲೆಗಳ ಲೆಕ್ಕಕ್ಕೇ ಇಲ್ಲ. ಅದರ ಮೇಲೆ ಮಗನ ದುಡ್ಡಿನ ಮುಲಾಜು. ವಾಪಸು ಬರುವಾಗ ಆಟೋದಲ್ಲಿ ಚಿಕ್ಕಪ್ಪ, "ಅಷ್ಟು ಖರ್ಚು ಮಾಡಿದಾನೆ, ಕೆಟ್ಟೋಯ್ತು ಅಂತ ಹೆಂಗೆ ಹೇಳ್ಲಿ?" ಅಂದರು. ಮಕ್ಕಳು ಕೊಡಿಸಿದ ವಸ್ತು ಕೆಟ್ಟರೆ ಅಪ್ಪಂದಿರು ತಾವೇ ತಪ್ಪು ಮಾಡಿದವರ ಹಾಗೆ ಮುಚ್ಚಿಡುತ್ತಾರೆ. ಹಲ್ಲಾದರೂ ಅಷ್ಟೆ, ಫೋನಾದರೂ ಅಷ್ಟೆ.

ಡಲ್ಲಾಸಿನ ಆ ತಮ್ಮ ಒಳ್ಳೆಯವನೇ, ಆದರೆ ಎಲ್ಲಕ್ಕೂ ಅವನ ಉತ್ತರ ಹಣ, ಇಲ್ಲವಾದರೆ ವಕೀಲ. ಫೋನಿನಲ್ಲಿ "ಆ ಕ್ಲಿನಿಕ್ ಮೇಲೆ ಕೇಸ್ ಹಾಕೋಣ" ಅಂದ. ಚಿಕ್ಕಪ್ಪ ಮೆಲ್ಲಗೆ, "ಅವರು ಆರು ತಿಂಗಳಿಗೊಮ್ಮೆ ಬನ್ನಿ ಅಂದಿದ್ರಪ್ಪ, ನಾನೇ ಹೋಗ್ಲಿಲ್ಲ" ಅಂದರು. ಅಲ್ಲಿಗೆ ಕೇಸು ಮುಗಿಯಿತು.

ಸದ್ಯಕ್ಕೆ ಸ್ವಚ್ಛ ಮಾಡಿದ್ದಾರೆ. ಶುಗರ್ ಹತೋಟಿಗೆ ಬಂದ ಮೇಲೆ ವಸಡು ಬಿಡಿಸಿ ಒಳಗೆ ಕೆರೆಯಬೇಕೋ ಬೇಡವೋ ನೋಡುತ್ತಾರಂತೆ. ಸಂದಿ ಉಜ್ಜಲು ಪುಟ್ಟ ಬ್ರಷ್ಷುಗಳನ್ನು ಬರೆದುಕೊಟ್ಟಿದ್ದರು. ಮೆಡಿಕಲ್ ಶಾಪಿನಲ್ಲಿ ಅದರ ಬೆಲೆ ಕೇಳಿ ಚಿಕ್ಕಪ್ಪ, ಒಂದೊಂದು ಕೂದಲಿಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿ ಅಂಗಡಿಯವನಿಗೆ ಒಪ್ಪಿಸಿಯೇ ಹೊರಟರು.