ಆರ್‌ಸಿ ಕಾರಿಗೆ ಹೊಸ ಮೋಟರ್ ತಗೊಳ್ಳೋ ಮುಂಚೆ ಪಿನಿಯನ್ ಹಲ್ಲು ಎಣಿಸಿ

ರಿಮೋಟಲ್ಲಿ ಓಡ್ಸೋ ಆರ್‌ಸಿ ಕಾರ್ ವಿಷ್ಯ ಬಂದ್ರೆ ಎಲ್ರೂ ಮೊದ್ಲು ಕೇಳೋದು ಒಂದೇ, "ಗುರು, ಎಷ್ಟು ಕೆವಿ ಮೋಟರ್ ಹಾಕ್ಲಿ?" ನಾನು ತಿರುಗಿ ಕೇಳೋದು, ಎಲ್ಲಿ ಓಡಿಸ್ತೀಯ ಮಾರಾಯ ಅಂತ. ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಕಂಬಗಳ ಮಧ್ಯೆ ಓಡ್ಸೋನು ಗಂಟೆಗೆ 50 ಕಿಮೀ ಸ್ಪೀಡ್ ಇಟ್ಕೊಂಡು ಏನ್ ಮಾಡ್ತಾನೆ? ಊರಾಚೆ ಹೊಸ ಲೇಔಟಲ್ಲಿ ಟಾರ್ ಹಾಕಿ, ಸೈಟ್ ಕಲ್ಲು ನೆಟ್ಟು, ಇನ್ನೂ ಒಂದ್ ಮನೇನೂ ಎದ್ದಿರಲ್ವಲ್ಲ, ಅಂಥ ರೋಡ್ ಭಾನುವಾರ ಬೆಳಗ್ಗೆ ಖಾಲಿ ಸಿಗತ್ತೆ ಅಂದ್ರೆ ಅದು ಬೇರೆ ಲೆಕ್ಕ.

ಕೆವಿ ಜಾಸ್ತಿ ಇದ್ರೆ ಪವರ್ ಜಾಸ್ತಿ ಅಂತ ಸುಮಾರ್ ಜನ ಅಂದ್ಕೊಂಡಿದಾರೆ. ಹಂಗಲ್ಲ. ಲೋಡ್ ಇಲ್ದೇ ಒಂದು ವೋಲ್ಟಿಗೆ ಎಷ್ಟು ಆರ್‌ಪಿಎಂ ತಿರುಗತ್ತೆ ಅನ್ನೋದಷ್ಟೇ ಕೆವಿ. ಒಂದೇ ಸೈಜಿನ ಎರಡು ಮೋಟರಲ್ಲಿ ಕೆವಿ ಜಾಸ್ತಿ ಇರೋದಕ್ಕೆ ಒಳಗಿನ ತಂತಿ ಸುತ್ತು ಕಮ್ಮಿ ಇರತ್ತೆ, ಸೋ ಅಷ್ಟೇ ಟಾರ್ಕ್ (ತಿರುಗಿಸೋ ಬಲ) ಕೊಡೋಕೆ ಅದು ಜಾಸ್ತಿ ಆಂಪ್ಸ್ ಎಳ್ಯತ್ತೆ.

ಲೆಕ್ಕಕ್ಕೆ ಟಮಿಯಾ ಕಂಪ್ನಿಯ ಟಿಟಿ-02 ಕಾರ್ ಕಿಟ್ ತಗೊಳ್ಳೋಣ, ತುಂಬಾ ಜನ ಶುರು ಮಾಡೋದು ಅದ್ರಲ್ಲೇ. ಮೋಟರ್ ಶಾಫ್ಟಿಗೆ ಕೂರೋ ಚಿಕ್ಕ ಗೇರೇ ಪಿನಿಯನ್, ಅದು ತಿರುಗ್ಸೋ ದೊಡ್ಡ ಗೇರ್ ಸ್ಪರ್. ಕಿಟ್ಟಲ್ಲಿ ಬರೋ ಸ್ಪರ್ 70 ಹಲ್ಲು, ಪಿನಿಯನ್ 22, ಒಳಗಿನ ಗೇರ್ ರೇಶಿಯೋ 2.6. 70ನ್ನ 22ರಿಂದ ಭಾಗಿಸಿ 2.6ರಿಂದ ಗುಣಿಸಿದ್ರೆ 8.27, ಅಂದ್ರೆ ಚಕ್ರ ಒಂದ್ಸಲ ಸುತ್ತೋಕೆ ಮೋಟರ್ ಎಂಟು ಚಿಲ್ಲರೆ ಸಲ ಸುತ್ತಬೇಕು. ಇದಕ್ಕೆ 3300 ಕೆವಿ ಬ್ರಷ್‌ಲೆಸ್ ಮೋಟರ್ ಹಾಕಿ 2ಎಸ್ ಲಿಪೋ (ಎರಡು ಸೆಲ್ಲಿನ ಲಿಥಿಯಂ ಪಾಲಿಮರ್ ಬ್ಯಾಟರಿ) ಕೊಟ್ರೆ 7.4 ವೋಲ್ಟಲ್ಲಿ 24,420 ಆರ್‌ಪಿಎಂ, ಟೈರ್ ವ್ಯಾಸ ಸುಮಾರು 64 ಮಿಮೀ ಅಂತ ಹಿಡಿದ್ರೆ ಗಂಟೆಗೆ 35 ಕಿಮೀ ಮೇಲೆ ಬರತ್ತೆ. ಪೇಪರ್ ಮೇಲೆ, ಗಾಳಿ ಗೀಳಿ ಎಲ್ಲಾ ಬಿಟ್ಟು. ಅದೇ ಕಾರಿಗೆ ಬರೀ 25 ಹಲ್ಲಿನ ಪಿನಿಯನ್ ಹಾಕಿದ್ರೆ 40 ಕಿಮೀ. ಮೂರೇ ಮೂರು ಹಲ್ಲು! ಮೋಟರ್ ರೇಟಿಗೆ ಹೋಲಿಸಿದ್ರೆ ಪಿನಿಯನ್ ರೇಟು ಏನೂ ಅಲ್ಲ.

ಆದ್ರೆ ಪುಕ್ಕಟೆ ಏನೂ ಬರಲ್ಲ. ಗೇರ್ ಸೈಕಲಲ್ಲಿ ಏರಿಗೆ ಟಾಪ್ ಗೇರ್ ಹಾಕಿ ತುಳಿದ್ರೆ ತೊಡೆ ಉರಿಯತ್ತಲ್ಲ, ಮೋಟರಿಗೂ ಅದೇ ಪಾಡು. ಅದೇ ಪಿಕಪ್ ಬೇಕು ಅಂದ್ರೆ 25ರ ಪಿನಿಯನಲ್ಲಿ ಕರೆಂಟ್ ಸುಮಾರು 14% ಜಾಸ್ತಿ ಬೇಕು, ಮೋಟರಿನ ತಂತಿ ಸುತ್ತಲ್ಲಿ ಬಿಸಿ ಏರೋದು ಕರೆಂಟಿನ ವರ್ಗಕ್ಕೆ ತಕ್ಕಂಗೆ, ಹಾಗಾಗಿ ಬಿಸಿ ಹತ್ರ ಹತ್ರ 30% ಜಾಸ್ತಿ. ಎಲ್ರೂ ಎಡವೋದು ಇಲ್ಲೇ, ದೊಡ್ಡ ಪಿನಿಯನ್ ಹಾಕಿ ಬೇಸ್‌ಮೆಂಟಲ್ಲಿ ನಿಲ್ಸು ಓಡ್ಸು ನಿಲ್ಸು ಓಡ್ಸು ಅಂತ ಆಡ್ತಾರೆ, ಮೋಟರ್ ಸುಟ್ಟ ವಾಸ್ನೆ ಬಂದ್ಮೇಲೆ ಕಂಪ್ನಿಗೆ ಬೈತಾರೆ. ಚಿಕ್ಕ ಜಾಗ, ಹುಲ್ಲು, ಮಣ್ಣು ಇದ್ರೆ ಪಿನಿಯನ್ ಹಲ್ಲು ಇಳಿಸಿ, ಉದ್ದ ರೋಡ್ ಇದ್ರೆ ಏರಿಸಿ, ಅದೂ ಒಂದೊಂದೇ ಹಲ್ಲು.

ಏರಿಸಿದ್ ಮೇಲೆ ಐದು ನಿಮಿಷ ಓಡಿಸಿ ಮೋಟರ್ ಡಬ್ಬಿ ಬಿಸಿ ನೋಡಿ. ಕೊರೊನಾ ಟೈಮಲ್ಲಿ ತಗೊಂಡ ಹಣೆಗೆ ಹಿಡಿಯೋ ಥರ್ಮಾಮೀಟರ್ ಇದಕ್ಕೆ ಬರಲ್ಲ, ಅದು ಜ್ವರದ ಲೆಕ್ಕ ದಾಟಿದ ತಕ್ಷಣ ಹೈ ಅಂತ ತೋರ್ಸಿ ಸುಮ್ನಾಗತ್ತೆ, ಮೆಕ್ಯಾನಿಕ್‌ಗಳು ಇಟ್ಕೊಳ್ಳೋ ಇನ್‌ಫ್ರಾರೆಡ್ ಗನ್ ಬೇಕು. 70 ಡಿಗ್ರಿ ಒಳಗಿದ್ರೆ ಆರಾಮು, 80ರ ಹತ್ರ ಹೋದ್ರೆ ಒಂದ್ ಹಲ್ಲು ವಾಪಸ್ ಇಳಿಸಿ. ಒಳಗಿನ ಮ್ಯಾಗ್ನೆಟ್ ಅತಿಯಾಗಿ ಬಿಸಿಯಾಗಿ ಒಂದ್ಸಲ ಶಕ್ತಿ ಕಳ್ಕೊಂಡ್ರೆ ತಣ್ಣಗಾದ್ಮೇಲೂ ವಾಪಸ್ ಬರಲ್ಲ. ಅಂದಹಾಗೆ ಜನವರೀಲಿ ಬೆಂಗಳೂರಲ್ಲಿ ಸರಿಹೋದ ಗೇರಿಂಗ್ ಏಪ್ರಿಲಲ್ಲಿ ಕಲಬುರ್ಗೀಲಿ ಸರಿಹೋಗತ್ತೆ ಅನ್ಕೋಬೇಡಿ, ಅಲ್ಲಿ ಕಾರ್ ಆನ್ ಮಾಡೋ ಮುಂಚೇನೇ 40 ಡಿಗ್ರಿ ಇರತ್ತೆ.

ಬ್ಯಾಟರಿ ಮೇಲಿನ ಸಿ ರೇಟಿಂಗ್ (ಕೆಪ್ಯಾಸಿಟಿಯ ಎಷ್ಟು ಪಟ್ಟು ಕರೆಂಟ್ ಕೊಡತ್ತೆ ಅನ್ನೋ ಅಂಕಿ) ನೋಡಿ ಮರುಳಾಗ್ಬೇಡಿ. 5000 ಎಂಎಎಚ್, 50ಸಿ ಅಂದ್ರೆ 250 ಆಂಪ್ಸ್ ಅಂತ ಅರ್ಥ, ಆದ್ರೆ ಅದ್ರ ತುದೀಲಿ ಹಾಕಿರೋ ಎಕ್ಸ್‌ಟಿ60 ಕನೆಕ್ಟರ್ 60 ಆಂಪ್ಸಿಂದು, ನಗು ಬರಲ್ವಾ! ಇಂಥ ಕಾರಿಗೆ ಹಾರ್ಡ್ ಕೇಸ್ 2ಎಸ್ ಸಾಕು. ಸರಾಸರಿ 15 ಆಂಪ್ಸ್ ಎಳೆದ್ರೆ, 20% ಉಳಿಸ್ಕೊಂಡ್ರೂ ಕಾಲು ಗಂಟೆ ಓಡತ್ತೆ. ಮೂರು ಸೆಲ್ಲಿನ 3ಎಸ್ ಹಾಕಿದ್ರೆ 22ರ ಪಿನಿಯನಲ್ಲೇ 53 ಕಿಮೀ ಬರತ್ತೆ ನಿಜ, ಆದ್ರೆ ಪಿನಿಯನ್ ಇಳಿಸ್ದೆ 3ಎಸ್ ಹಾಕೋದು ನಂಗಂತೂ ಇಷ್ಟ ಇಲ್ಲ, ಪ್ಲಾಸ್ಟಿಕ್ ಗೇರು, ಡ್ರೈವ್ ಶಾಫ್ಟು ಎಲ್ಲಾ ಒಂದೊಂದಾಗಿ ಕೈಕೊಡ್ತವೆ. ಆ ದುಡ್ಡಲ್ಲಿ ಬುಶ್ ತೆಗ್ದು ಬಾಲ್ ಬೇರಿಂಗ್ ಹಾಕ್ಸಿ, ಕಾರ್ ಎಷ್ಟು ಹಗುರಾಗಿ ಉರುಳತ್ತೆ ನೋಡಿ.

ಇಎಸ್‌ಸಿ, ಅಂದ್ರೆ ಮೋಟರ್ ಸ್ಪೀಡ್ ಕಂಟ್ರೋಲ್ ಮಾಡೋ ಡಬ್ಬಿ, ಅದ್ರ ವಿಷ್ಯ ಜಾಸ್ತಿ ಏನಿಲ್ಲ, ಮೋಟರಿಗೆ ಹೊಂದ್ಬೇಕು ಅಷ್ಟೇ. ಒಂದು ಮಾತ್ರ ನೋಡ್ಕೊಳಿ, ಲಿಪೋ ಹಾಕೋ ಮುಂಚೆ ಅದು ಲಿಪೋ ಮೋಡಲ್ಲಿದ್ಯಾ ಅಂತ. ಬ್ರಷ್ ಮೋಟರಿನ ಇಎಸ್‌ಸಿ ಹಾಬಿವಿಂಗ್ 1060ರಲ್ಲಿ ಮೋಡ್ ಬದಲಾಯ್ಸೋಕೆ ಒಂದು ಪುಟಾಣಿ ಜಂಪರ್ (ಪಿನ್ನಿಗೆ ಹಾಕೋ ಕ್ಯಾಪ್) ಇರತ್ತೆ, ಅದು ನಿಕಲ್ ಬ್ಯಾಟರಿ ಕಡೆ ಕೂತಿದ್ರೆ ಲಿಪೋ ಸೆಲ್ 3 ವೋಲ್ಟ್ ಕೆಳಗೆ ಇಳಿದ್ರೂ ಕಾರ್ ಓಡ್ತಾನೇ ಇರತ್ತೆ, ಆಮೇಲೆ ಬ್ಯಾಟರಿ ಊದ್ಕೊಳತ್ತೆ. ವೋಲ್ಟೇಜ್ ಇಳಿದಾಗ ತಾನೇ ನಿಲ್ಸೋ ಕಟ್ ಆಫ್ ಇಲ್ದಿರೋ ಹಳೇ ಇಎಸ್‌ಸಿ ಆದ್ರೆ ಬ್ಯಾಟರಿಯ ಸಣ್ಣ ಬ್ಯಾಲೆನ್ಸ್ ವೈರಿಗೆ ಸಿಗ್ಸೋ ಬಜರ್ ಸಿಗತ್ತೆ, ಸೆಲ್ಲಿಗೆ 3.4ಕ್ಕೆ ಸೆಟ್ ಮಾಡಿ ಹಾಕ್ಬಿಡಿ. ಒಂದು ವಾರ ಓಡ್ಸಲ್ಲ ಅಂದ್ರೆ ಫುಲ್ ಚಾರ್ಜಲ್ಲಿ ಇಡ್ಬೇಡಿ, ಚಾರ್ಜರಲ್ಲಿ ಸ್ಟೋರೇಜ್ ಮೋಡ್ ಹಾಕಿದ್ರೆ ಸೆಲ್ಲಿಗೆ 3.8 ವೋಲ್ಟಿಗೆ ತಂದು ತಾನೇ ನಿಲ್ಸತ್ತೆ.