ಬೋರ್ಡೊ: ನೆಲಕ್ಕಿಳಿದ ವಿದ್ಯುತ್ತು

ಬೋರ್ಡೊ, ಫ್ರಾನ್ಸ್
14 ಅಕ್ಟೋಬರ್ 2023, ಶನಿವಾರ

ಈ ಊರಿಗೆ ಬಂದವರು ಸಾಮಾನ್ಯವಾಗಿ ದ್ರಾಕ್ಷಿತೋಟಗಳ ದಾರಿ ಹಿಡಿಯುತ್ತಾರೆ. ನಾನು ಬೆಳಗಿನಿಂದ ಟ್ರಾಮ್ ಹಳಿಗಳನ್ನು ಬಗ್ಗಿ ಬಗ್ಗಿ ನೋಡುತ್ತಿದ್ದೇನೆ. ದಾರಿಹೋಕರೊಬ್ಬರು ಏನಾದರೂ ಕಳೆದುಹೋಯಿತೇ ಎಂದು ವಿಚಾರಿಸಿಯೂ ಹೋದರು.

ಪ್ಲಾಸ್ ದ ಲಾ ಬೂರ್ಸ್ ಚೌಕದಲ್ಲಿ ವಾಸ್ತುಶಿಲ್ಪಿಗಳಾದ ಗೇಬ್ರಿಯೆಲ್ ತಂದೆ–ಮಗ 18ನೇ ಶತಮಾನದಲ್ಲಿ ಎಬ್ಬಿಸಿದ ಕಲ್ಲಿನ ಕಟ್ಟಡಗಳಿವೆ. ಅವುಗಳ ಮುಂದೆಯೇ ಟ್ರಾಮ್ ಹಾಯುತ್ತದೆ. ತಲೆಯ ಮೇಲೆ ಕಂಬವಿಲ್ಲ, ತಂತಿಯಿಲ್ಲ. ಎರಡು ಹಳಿಗಳ ನಡುವೆ ನೆಲದ ಮಟ್ಟಕ್ಕೆ ಹುದುಗಿಸಿದ ಮೂರನೆಯ ಪಟ್ಟಿಯೊಂದಿದೆ. ವಿದ್ಯುತ್ ಬರುವುದು ಅದರಿಂದ. ಹಾಗಿದ್ದರೆ ಅದನ್ನು ತುಳಿದವರ ಗತಿ? ಜಾಣತನವಿರುವುದು ಇಲ್ಲಿಯೇ. ಪಟ್ಟಿ ಅಖಂಡವಾಗಿಲ್ಲ. 8 ಮೀಟರ್ ಲೋಹ, 3 ಮೀಟರ್ ವಿದ್ಯುತ್ ಹರಿಯದ ತುಂಡು, ಮತ್ತೆ 8 ಮೀಟರ್ ಲೋಹ. ಟ್ರಾಮ್ ತನ್ನ ಹೊಟ್ಟೆಯಡಿಯಿಂದ ರೇಡಿಯೊ ಸಂಕೇತ ಕಳಿಸಿದಾಗ, ಅದು ಪೂರ್ತಿ ಮುಚ್ಚಿಕೊಂಡ ಲೋಹದ ತುಂಡಿಗೆ ಮಾತ್ರ 750 ವೋಲ್ಟ್ ಹರಿಯುತ್ತದೆ. ಟ್ರಾಮ್ ಮುಂದೆ ಸರಿದೊಡನೆ ಅದು ಮತ್ತೆ ಬರೀ ಲೋಹ. ಮಕ್ಕಳು ಅದರ ಮೇಲೆಯೇ ಕುಣಿಯುತ್ತಾ ದಾಟುತ್ತಿದ್ದರು.

ಹಳೆಯ ಟ್ರಾಮ್‌ಗಳನ್ನು ಈ ನಗರ 1958ರಲ್ಲಿ ಕಿತ್ತು ಹಾಕಿತ್ತು. ಆಮೇಲೆ ಚಾಲಕರಹಿತ ಮೆಟ್ರೊದ ಕನಸು ಕಂಡು, ಖರ್ಚು ನೋಡಿ ಕೈಬಿಟ್ಟಿತು. 1995ರಲ್ಲಿ ಮೇಯರ್ ಆದ ಅಲೇನ್ ಜುಪ್ಪೆ ಟ್ರಾಮಿನತ್ತ ತಿರುಗಿದರು. 2003ರ ಡಿಸೆಂಬರ್ 21ರಂದು ಅಧ್ಯಕ್ಷ ಜಾಕ್ ಶಿರಾಕ್ ಉದ್ಘಾಟಿಸಿದರು. ಆರಂಭದ ದಿನಗಳಲ್ಲಿ ಈ ನೆಲದ ವಿದ್ಯುತ್ತು ಪದೇ ಪದೇ ಕೈಕೊಟ್ಟು, ಟ್ರಾಮ್‌ಗಳು ನಡುಬೀದಿಯಲ್ಲಿ ನಿಂತು ಜನರಿಂದ ಬೈಸಿಕೊಂಡವು. ಅಷ್ಟೊಂದು ಫಜೀತಿಯನ್ನು ಹಳೆಯ ಕಟ್ಟಡಗಳ ಅಂದಕ್ಕಾಗಿ ಸಹಿಸಿಕೊಂಡ ನಗರಸಭೆಯ ಹಟ ನನಗೆ ಇಷ್ಟವಾಯಿತು. ದುಬೈ 2014ರಲ್ಲಿ ಇದೇ ತಂತ್ರಜ್ಞಾನವನ್ನು ಇಡೀ ಮಾರ್ಗಕ್ಕೆ ಹಾಕಿಸಿಕೊಂಡಿತು; ಅಲ್ಲಿ ತಂತಿಗೆ ಅಡ್ಡ ಬರುವ ಯಾವ 18ನೇ ಶತಮಾನ ಇತ್ತೋ ತಿಳಿಯದು.

ಆದರೂ ಮಾರ್ಗದರ್ಶಿಗಳು ತಂತಿಯಿಲ್ಲದ್ದನ್ನೇ ಹೊಗಳುವುದು ಸ್ವಲ್ಪ ಅತಿಯಾಯಿತು. ಗಾರೋನ್ ನದಿಯ ದಂಡೆ ಮೊದಲು ಬಂದರಿನ ಗೋದಾಮುಗಳಿಗೂ ಆಮೇಲೆ ಕಾರುಗಳಿಗೂ ಮೀಸಲಾಗಿತ್ತು. ಟ್ರಾಮಿಗೆ ಜಾಗ ಬಿಡಿಸುವ ನೆಪದಲ್ಲಿ ದಂಡೆಯನ್ನೇ ಜನರಿಗೆ ಬಿಟ್ಟುಕೊಟ್ಟರು. ಚೌಕದ ಎದುರಿನ ನೀರಿನ ಕನ್ನಡಿ, ಅಂದರೆ ಗ್ರಾನೈಟ್ ಹಾಸಿನ ಮೇಲೆ ನಿಲ್ಲುವ ಬೆರಳೆರಡು ಎತ್ತರದ ನೀರು, 2006ರಲ್ಲಿ ಬಂತು. ಮರುವರ್ಷ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಊರು ಸೇರಿತು. ತಂತಿ ಎಳೆದಿದ್ದರೂ ಈ ಬದಲಾವಣೆಯ ಬಹುಪಾಲು ಸಿಗುತ್ತಿತ್ತು. ಕಾರುಗಳನ್ನು ಅಲ್ಲೇ ಉಳಿಸಿದ್ದರೆ ಏನೂ ಸಿಗುತ್ತಿರಲಿಲ್ಲ.

ಮಧ್ಯಾಹ್ನ ಬಿ ಮಾರ್ಗದಲ್ಲಿ ವಿಶ್ವವಿದ್ಯಾಲಯದ ಕಡೆಗೆ ಹೋದೆ. ಹಳೆಯ ಪೇಟೆ ಮುಗಿದ ಮೇಲೆ ಒಂದು ನಿಲ್ದಾಣದಲ್ಲಿ ಟ್ರಾಮಿನ ಚಾವಣಿಯ ಪ್ಯಾಂಟೋಗ್ರಾಫ್, ಅಂದರೆ ತಂತಿಯಿಂದ ವಿದ್ಯುತ್ ಪಡೆಯುವ ತೋಳು, ಮೇಲೆದ್ದು ತಂತಿಯನ್ನು ಹಿಡಿಯಿತು. ಅಲ್ಲಿಂದಾಚೆ ಎಲ್ಲ ಕಡೆಯಂತೆ ಕಂಬಗಳು. ಒಳಗಿದ್ದ ಯಾರೂ ಮೊಬೈಲಿನಿಂದ ತಲೆಯೆತ್ತಲಿಲ್ಲ. ನೆಲದ ಪಟ್ಟಿ ದುಬಾರಿ ಎಂಬುದು ನಿಜ, ಉಳಿತಾಯಕ್ಕೆ ಅರ್ಥವಿದೆ. ಆದರೆ ಯಾವ ಬೀದಿಯ ಆಕಾಶ ಖಾಲಿಯಿರಬೇಕು, ಯಾವುದರದ್ದು ಬೇಡ ಎಂದು ಯಾರೋ ನಕ್ಷೆಯ ಮೇಲೆ ಗೆರೆ ಎಳೆದಿರಬೇಕಲ್ಲ; ಆ ಸಭೆಯ ವಾದಗಳನ್ನು ಕೇಳಬೇಕಿತ್ತು ಅನ್ನಿಸಿತು.

ಸಂಜೆ ಎ ಮಾರ್ಗದಲ್ಲಿ ಪೋಂ ದ ಪಿಯೇರ್ ದಾಟಿದೆ. 1822ರ ಈ ಕಲ್ಲುಸೇತುವೆಗೆ 17 ಕಮಾನುಗಳು. ನೆಪೋಲಿಯನ್ ಬೋನಪಾರ್ಟೆಯ ಹೆಸರಿನ ಫ್ರೆಂಚ್ ಅಕ್ಷರಗಳೂ ಅಷ್ಟೇ ಎಂದು ಇಲ್ಲಿನವರು ಎಣಿಸಿ ತೋರಿಸುತ್ತಾರೆ. 1965ರವರೆಗೆ ಊರಿನಲ್ಲಿ ಗಾಡಿಗಳು ನದಿ ದಾಟಲು ಇದ್ದ ಸೇತುವೆ ಇದೊಂದೇ. 2017ರಿಂದ ಖಾಸಗಿ ಕಾರುಗಳಿಗೆ ಇಲ್ಲಿ ಪ್ರವೇಶವಿಲ್ಲ. ನಮ್ಮ ಟ್ರಾಮಿಗಿಂತ ಸೈಕಲ್ ಸವಾರರೇ ಮುಂದಿದ್ದರು, ಚಾಲಕ ಗಂಟೆ ಬಾರಿಸುತ್ತಲೇ ಇದ್ದ.